600 ವ್ಯಾಟಿನ ಬೋರ್ಡ್ ಆಮೇಲೆ ನೋಡೋಣ, ಮೊದಲು ನಿಮ್ಮ ಸ್ಪೀಕರ್ ನೋಡೋಣ

ಪ್ರಶ್ನೆ: ಸರ್, ನಮಸ್ಕಾರ. ನಾನು ಆಳಂದ ತಾಲೂಕಿನವನು. ಊರಲ್ಲಿ ಸಣ್ಣ ಸೌಂಡ್ ಸರ್ವಿಸ್ ಇದೆ. ಭಜನೆ, ತತ್ವಪದ, ತೊಟ್ಟಿಲು, ಶಾಲೆಯ ಗ್ಯಾದರಿಂಗ್, ಹೆಚ್ಚೆಂದರೆ ಇನ್ನೂರು ಜನ. ಹಳೆಯ ಟ್ರಾನ್ಸ್‌ಫಾರ್ಮರ್ ಆಂಪ್ ಹೊತ್ತು ಬೆನ್ನು ಬಿದ್ದು ಹೋಗಿದೆ. ಆಂಪ್ ಒಳಗೇ ಇರುವ ಎರಡು ಬಾಕ್ಸ್ ನಾನೇ ಮಾಡಬೇಕು ಅಂತಿದ್ದೇನೆ. 12 ಇಂಚಿನ ಸ್ಪೀಕರ್ ಎರಡು ಇವೆ, 8 ಓಮ್, 300 ವ್ಯಾಟ್, 97 ಡಿಬಿ. ಹಾರ್ನ್ ಡ್ರೈವರ್ ಎರಡು, 8 ಓಮ್, 40 ವ್ಯಾಟ್, 108 ಡಿಬಿ. ಆನ್‌ಲೈನ್‌ನಲ್ಲಿ ನೋಡಿದರೆ ಟಿಪಿಎ3116, ಟಿಪಿಎ3255, ಐಆರ್‌ಎಸ್2092 ಅಂತ ಹತ್ತಾರು ಕ್ಲಾಸ್ ಡಿ ಬೋರ್ಡ್ ಇವೆ. ಒಂದರ ಮೇಲೆ 600 ವ್ಯಾಟ್ ಅಂತ ಬರೆದಿದೆ, ಅದನ್ನೇ ತಗೊಳ್ಳಲಾ? ಕರೆಂಟ್ ಹೋದಾಗ ಬ್ಯಾಟರಿ ಮೇಲೂ ನಡೆಯಬೇಕು.

ಉತ್ತರ: ನಮಸ್ಕಾರ. ನಿಮ್ಮ ಪ್ರಶ್ನೆಯಲ್ಲಿ ನನಗೆ ಬಹಳ ಹಿಡಿಸಿದ್ದು ಅಂದರೆ ಓಮ್, ಡಿಬಿ ಎರಡನ್ನೂ ಬರೆದಿದ್ದೀರಿ. ಹತ್ತರಲ್ಲಿ ಒಂಬತ್ತು ಮಂದಿ ಬೋರ್ಡಿನ ಫೋಟೋ ಕಳಿಸಿ "ಇದು ಚಲೋ ಐತೇನ್ರಿ" ಅಂತ ಕೇಳುತ್ತಾರೆ, ಸ್ಪೀಕರ್ ಯಾವುದು ಅಂತ ಹೇಳುವುದೇ ಇಲ್ಲ. ಜೀನು ಕೊಂಡು ಆಮೇಲೆ ಕುದುರೆ ಹುಡುಕಿದ ಹಾಗೆ. ಮೊದಲು ಸ್ಪೀಕರ್, ಆಮೇಲೆ ವೋಲ್ಟೇಜ್, ಆಮೇಲೆ ನಮ್ಮ ಕಲಬುರಗಿ ಬಿಸಿಲು, ಬೋರ್ಡ್ ಎಲ್ಲದಕ್ಕಿಂತ ಕೊನೆಗೆ. ಈ ಕ್ರಮದಲ್ಲಿ ಹೋದರೆ ಹತ್ತು ಬೋರ್ಡಿನಲ್ಲಿ ಎಂಟು ತಾವಾಗಿಯೇ ಬಿದ್ದು ಹೋಗುತ್ತವೆ.

ಆ 600 ವ್ಯಾಟಿನ ಕಥೆ ಮೊದಲು ಮುಗಿಸೋಣ. ಅದು ಟಿಪಿಎ3255 ಚಿಪ್ಪಿನ ಬೋರ್ಡ್ ಇರಬೇಕು. ಚಿಪ್ ಮಾಡುವ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನವರು ಡೇಟಾಶೀಟಿನಲ್ಲಿ ಸುಳ್ಳು ಹೇಳಿಲ್ಲ, 600 ವ್ಯಾಟ್ ನಿಜವಾಗಿಯೂ ಬರುತ್ತದೆ. ಆದರೆ ಎರಡೂ ಚಾನೆಲ್ ಸೇರಿಸಿ ಒಂದೇ ಮಾಡಿ, 2 ಓಮಿನ ಸ್ಪೀಕರ್ ಹಾಕಿ, 51 ವೋಲ್ಟ್ ಕೊಟ್ಟು, 10% ಡಿಸ್ಟಾರ್ಶನ್ ಒಪ್ಪಿಕೊಂಡರೆ ಮಾತ್ರ. 10% ಅಂದರೆ ತಲೆ ಚಪ್ಪಟೆಯಾದ ಶಬ್ದ, ಹಾಡುವವರ ಗಂಟಲು ಹರಿದ ಹಾಗೆ ಕೇಳುತ್ತದೆ. ಸ್ವಚ್ಛ ಶಬ್ದ ಬೇಕಾದರೆ ಅದರಲ್ಲಿ ಐದನೇ ಒಂದು ಭಾಗ ಮೊದಲೇ ಕಳೆದುಬಿಡಿ. ನಿಮ್ಮ ಹತ್ತಿರ 2 ಓಮಿನ ಸ್ಪೀಕರ್ ಇಲ್ಲವೇ ಇಲ್ಲ, 8 ಓಮ್ ಇದೆ. ಇನ್ನೊಂದು ಮಾತು, ಎರಡು ಚಾನೆಲ್ ಹೀಗೆ ಪ್ಯಾರಲಲ್ ಮಾಡಿದರೆ ಹೆಚ್ಚಾಗುವುದು ಕರೆಂಟ್ ಕೊಡುವ ತಾಕತ್ತು, ವೋಲ್ಟೇಜ್ ಅಷ್ಟೇ ಇರುತ್ತದೆ. 8 ಓಮಿನ ಸ್ಪೀಕರ್ ಆ ಕರೆಂಟನ್ನು ಎಳೆಯುವುದೇ ಇಲ್ಲ. ಅಂದರೆ ಪ್ಯಾರಲಲ್ ಮಾಡಿ ನಿಮಗೆ ಏನೂ ಸಿಗುವುದಿಲ್ಲ, ಒಂದು ಚಾನೆಲ್ ಸುಮ್ನೆ ಹೋಯಿತು ಅಷ್ಟೇ.

ಇದು ಇವತ್ತಿನ ರೋಗ ಅಲ್ಲ ಬಿಡಿ. 1964ರಲ್ಲೇ ಇಂಗ್ಲೆಂಡಿನ ಸಿಂಕ್ಲೇರ್ ಕಂಪನಿ ಎಕ್ಸ್-10 ಅಂತ ಕ್ಲಾಸ್ ಡಿ ಕಿಟ್ ಮಾರಿತ್ತು. ಹೆಸರಿನಲ್ಲಿ 10 ವ್ಯಾಟ್, ಕೈಗೆ ಸಿಗುತ್ತಿದ್ದದ್ದು ಎರಡೂವರೆ ವ್ಯಾಟಿನ ಆಸುಪಾಸು. ಆಗಿನ ಟ್ರಾನ್ಸಿಸ್ಟರ್‌ಗಳಿಗೆ ಅಷ್ಟು ವೇಗವಾಗಿ ಆನ್-ಆಫ್ ಆಗುವ ಶಕ್ತಿ ಇರಲಿಲ್ಲ. ಕ್ಲಾಸ್ ಡಿ ಕೆಲಸವೇ ಅದು. ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಪೂರ್ತಿ ಆನ್, ಪೂರ್ತಿ ಆಫ್ ಆಗುತ್ತವೆ, ಅರ್ಧಂಬರ್ಧ ನಿಲ್ಲುವುದಿಲ್ಲ, ಅದಕ್ಕೇ ಬಿಸಿ ಕಡಿಮೆ. ಆಮೇಲೆ ಒಂದು ಕಾಯಿಲ್, ಒಂದು ಕೆಪಾಸಿಟರ್ ಸೇರಿ ಆ ಚೂರುಗಳನ್ನು ಮತ್ತೆ ಶಬ್ದವಾಗಿ ಹೊಂದಿಸುತ್ತವೆ. ಡಿ ಅಂದರೆ ಡಿಜಿಟಲ್ ಅಂತ ಅಂಗಡಿಯವರು ಹೇಳುತ್ತಾರೆ, ಅಲ್ಲ. ಎ, ಬಿ, ಸಿ ಆದ ಮೇಲೆ ಡಿ ಬಂತು, ಅಷ್ಟೇ.

ಈಗ ನಿಮಗೆ ನಿಜವಾಗಿ ಎಷ್ಟು ವ್ಯಾಟ್ ಸಿಗುತ್ತದೆ ಅಂತ ನೀವೇ ಲೆಕ್ಕ ಹಾಕಬಹುದು, ಬೋರ್ಡಿನ ಮೇಲೆ ಏನಾದರೂ ಬರೆದಿರಲಿ. ಸಪ್ಲೈ ವೋಲ್ಟೇಜನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಓಮಿನ ಎರಡರಷ್ಟರಿಂದ ಭಾಗಿಸಿ. ಬ್ರಿಡ್ಜ್ ಮಾದರಿಯ ಬೋರ್ಡಿಗೆ, ಅಂದರೆ ಸ್ಪೀಕರಿನ ಎರಡೂ ತಂತಿಯನ್ನು ಆಂಪೇ ಓಡಿಸುವ ಬೋರ್ಡಿಗೆ, ಇದು ಸರಿಯಾಗಿ ಕೂಡುತ್ತದೆ. 24 ವೋಲ್ಟ್, 8 ಓಮ್ ಆದರೆ 576 ಭಾಗಿಸು 16, ಅಂದರೆ 36 ವ್ಯಾಟ್. ಒಳಗೆ ವೋಲ್ಟ್ ಎರಡು ವೋಲ್ಟ್ ಕಳೆದು ಹೋಗುವುದರಿಂದ 30 ಅಂತ ಇಟ್ಟುಕೊಳ್ಳಿ. 36 ವೋಲ್ಟಿಗೆ 75ರ ಹತ್ತಿರ. 48 ವೋಲ್ಟಿಗೆ 130. ಯಾರಾದರೂ 24 ವೋಲ್ಟಿನ ಬೋರ್ಡಿನಲ್ಲಿ 8 ಓಮಿಗೆ 100 ವ್ಯಾಟ್ ಬರುತ್ತದೆ ಅಂದರೆ ನಕ್ಕು ಮುಂದೆ ಹೋಗಿ.

"ನನ್ನ ಸ್ಪೀಕರ್ 300 ವ್ಯಾಟ್, 130 ಕೊಟ್ಟರೆ ಹೇಗೆ?" ಅಂತ ಈಗ ಕೇಳುತ್ತೀರಿ ಅಂತ ಗೊತ್ತು. 300 ವ್ಯಾಟ್ ಅಂದರೆ ಕಾಯಿಲ್ ಸುಡದೆ ತಡೆಯುವ ಮಿತಿ, ಹೊಟ್ಟೆ ತುಂಬಲು ಬೇಕಾದ ಊಟ ಅಲ್ಲ. 97 ಡಿಬಿ ಅಂದರೆ ಒಂದು ವ್ಯಾಟಿಗೆ ಒಂದು ಮೀಟರಿನಲ್ಲಿ ಅಷ್ಟು ಗಟ್ಟಿ ಅಂತ. ಅಂಥ ಸ್ಪೀಕರಿಗೆ 130 ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 118 ಡಿಬಿ. ಬಯಲಲ್ಲಿ ದೂರ ಎರಡರಷ್ಟು ಆದಂತೆ 6 ಡಿಬಿ ಇಳಿಯುತ್ತದೆ, ಹಾಗಾಗಿ 16 ಮೀಟರಿನಲ್ಲಿ 94. ಕಾಯಿಲ್ ಬಿಸಿಯಾಗಿ ಎರಡು ಮೂರು ಡಿಬಿ ಹೋಯಿತು ಅಂದುಕೊಳ್ಳಿ, ಇನ್ನೊಂದು ಬಾಕ್ಸ್ ಅದನ್ನು ತುಂಬಿಕೊಡುತ್ತದೆ. ಇನ್ನೂರು ಜನರ ಭಜನೆಗೆ ಇದು ಬೇಕಾದ್ದಕ್ಕಿಂತ ಜಾಸ್ತಿಯೇ. ಪೂರ್ತಿ 300 ವ್ಯಾಟ್ ಕೊಟ್ಟರೆ ಎಷ್ಟು ಹೆಚ್ಚು ಗೊತ್ತಾ? ಮೂರೂವರೆ ಡಿಬಿ. ಕೇಳುವವರಿಗೆ "ಸ್ವಲ್ಪ ಏರಿಸಿದರು" ಅನ್ನಿಸುವಷ್ಟು. ಅಷ್ಟಕ್ಕೆ ದುಡ್ಡು, ಬಿಸಿ, ತೂಕ ಎಲ್ಲ ಎರಡರಷ್ಟು ಆಗುತ್ತದೆ.

ಸಣ್ಣ ಆಂಪ್ ಹಾಕಿದರೆ ಸ್ಪೀಕರ್ ಸುಡುತ್ತದೆ ಅಂತ ಒಂದು ಮಾತು ನಮ್ಮಲ್ಲಿ ಓಡಾಡುತ್ತಿರುತ್ತದೆ. ಅದು ಅರ್ಧ ಸತ್ಯ. ಹಳೆಯ ಬಾಕ್ಸಿನಲ್ಲಿ ಒಂದೇ ಆಂಪ್ ಬೇಸಿಗೂ ಹಾರ್ನಿಗೂ ಹೋಗುತ್ತದೆ, ಬೇಸ್ ಜಾಸ್ತಿಯಾಗಿ ಆಂಪ್ ಕ್ಲಿಪ್ ಆದರೆ, ಅಂದರೆ ತಾಕತ್ತು ಮೀರಿ ಶಬ್ದದ ತಲೆ ಕತ್ತರಿಸಿದರೆ, ಆ ಚೂಪು ಶಬ್ದ ಹಾರ್ನಿಗೆ ನುಗ್ಗಿ ಅದನ್ನು ಸುಡುತ್ತದೆ. ನೀವು ಬೇಸಿಗೆ ಒಂದು ಚಾನೆಲ್, ಹಾರ್ನಿಗೆ ಒಂದು ಚಾನೆಲ್ ಕೊಟ್ಟರೆ ಆ ದಾರಿಯೇ ಮುಚ್ಚಿ ಹೋಗುತ್ತದೆ. ಹಾಗಾಗಿ ಎರಡು ಚಾನೆಲ್ಲಿನ ಒಂದು ಬೋರ್ಡ್ ಒಂದು ಬಾಕ್ಸಿಗೆ. ಇದು ನಿಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ ಲೆಕ್ಕ.

ಈಗ ಬೋರ್ಡಿಗೆ ಬರೋಣ.

ಟಿಪಿಎ3116 ಒಳ್ಳೆಯ ಚಿಪ್, ಅಗ್ಗ, ನನ್ನ ಬೆಂಚಿನ ಮೇಲೆ ಯಾವಾಗಲೂ ಒಂದು ಇರುತ್ತದೆ. ಆದರೆ 26 ವೋಲ್ಟಿಗಿಂತ ಮೇಲೆ ಓಡಿಸುವ ಹಾಗಿಲ್ಲ, ಹಾಗಾಗಿ 8 ಓಮಿಗೆ 30-35 ವ್ಯಾಟೇ ಗತಿ. ಮನೆಗೆ, ತರಗತಿಗೆ, ಸಣ್ಣ ಗುಡಿಗೆ ಧಾರಾಳ. ಬಯಲ ಕಾರ್ಯಕ್ರಮಕ್ಕೆ ನಿಮಗೆ ಸಾಲದು.

ಐಆರ್‌ಎಸ್2092 ಬೋರ್ಡ್‌ಗಳಲ್ಲಿ ಶಕ್ತಿ ಬಹಳ. ಪ್ಲಸ್ ಮೈನಸ್ 50 ವೋಲ್ಟ್ ಕೊಟ್ಟರೆ 8 ಓಮಿಗೆ 150 ವ್ಯಾಟ್, ಇನ್ನೂ ಮೇಲೆ ಹೋದರೆ ಇನ್ನೂ ಜಾಸ್ತಿ. 4 ಓಮಿನ 15 ಇಂಚು, 18 ಇಂಚಿನ ಬೇಸ್ ಇದ್ದಿದ್ದರೆ ನಾನೇ ಅದನ್ನು ಹೇಳುತ್ತಿದ್ದೆ. ನಿಮಗೆ ಬೇಡ ಅನ್ನುವುದಕ್ಕೆ ಕಾರಣ ಇದೆ. ಒಂದು, ಪ್ಲಸ್ ಮೈನಸ್ ಸಪ್ಲೈ ಬೇಕು, ಜೊತೆಗೆ 12 ವೋಲ್ಟ್ ಬೇರೆ, ಬ್ಯಾಟರಿಗೆ ಅದು ದೊಡ್ಡ ತಲೆನೋವು. ಎರಡು, ಅದು ಹಾಫ್ ಬ್ರಿಡ್ಜ್, ಸ್ಪೀಕರಿನ ಒಂದು ತಂತಿಯನ್ನು ಮಾತ್ರ ಓಡಿಸುತ್ತದೆ, ಇನ್ನೊಂದು ಗ್ರೌಂಡಿಗೆ. ಬೇಸ್ ಗಟ್ಟಿಯಾಗಿ ಬಂದಾಗ ಒಂದು ಕಡೆಯ ರೈಲಿನಿಂದ (ಪ್ಲಸ್ ಅಥವಾ ಮೈನಸ್ ಸಪ್ಲೈ ತಂತಿ) ಎಳೆದ ಶಕ್ತಿಯಲ್ಲಿ ಒಂದಿಷ್ಟನ್ನು ಇನ್ನೊಂದು ಕಡೆಯ ರೈಲಿಗೆ ತಳ್ಳುತ್ತದೆ, ಬಾವಿಯಿಂದ ಎತ್ತಿದ ನೀರು ಪಕ್ಕದ ತೊಟ್ಟಿಗೆ ಚೆಲ್ಲಿದ ಹಾಗೆ. ಆ ರೈಲಿನ ವೋಲ್ಟೇಜ್ ಏರುತ್ತಾ ಹೋಗುತ್ತದೆ. ಇದಕ್ಕೆ ಬಸ್ ಪಂಪಿಂಗ್ ಅನ್ನುತ್ತಾರೆ. ಟ್ರಾನ್ಸ್‌ಫಾರ್ಮರ್ ಮತ್ತು ದೊಡ್ಡ ಕೆಪಾಸಿಟರ್ ಇದ್ದರೆ ನುಂಗಿಕೊಳ್ಳುತ್ತವೆ, ಎಸ್‌ಎಂಪಿಎಸ್, ಅಂದರೆ ಹಗುರವಾದ ಸ್ವಿಚಿಂಗ್ ಸಪ್ಲೈ ಆದರೆ ವೋಲ್ಟೇಜ್ ಮೇಲೆ ಹೋಯಿತು ಅಂತ ಬಂದ್ ಆಗಿಬಿಡುತ್ತದೆ. ಎರಡು ಚಾನೆಲ್ ಇದ್ದರೆ ಒಂದನ್ನು ಉಲ್ಟಾ ಫೇಸಿನಲ್ಲಿ ಓಡಿಸಿ ಸ್ಪೀಕರ್ ವೈರ್ ಅದಲು ಬದಲು ಮಾಡುವ ಉಪಾಯ ಇದೆ. ಆದರೆ ಅದು ಎರಡರಲ್ಲೂ ಒಂದೇ ಬೇಸ್ ಇದ್ದಾಗ ಕೆಲಸ ಮಾಡುತ್ತದೆ, ನಿಮ್ಮಲ್ಲಿ ಒಂದು ಬೇಸ್, ಒಂದು ಹಾರ್ನ್. ಇದರ ಮೇಲೆ ನಕಲಿ ಮಾಸ್‌ಫೆಟ್‌ಗಳ (ಔಟ್‌ಪುಟ್ ಟ್ರಾನ್ಸಿಸ್ಟರ್) ಕಾಟ ಬೇರೆ.

ಹೈಪೆಕ್ಸ್, ಐಸ್‌ಪವರ್, ಪ್ಯೂರಿಫೈ ಇವೆಲ್ಲ ಬೇರೆ ಮನೆತನದವು. ಹೈಪೆಕ್ಸ್ ನೆದರ್‌ಲ್ಯಾಂಡ್ಸಿನದು, ಐಸ್‌ಪವರ್ ಡೆನ್ಮಾರ್ಕಿನ ಬ್ಯಾಂಗ್ ಅಂಡ್ ಓಲುಫ್ಸೆನ್ ಮನೆಯಲ್ಲಿ ಹುಟ್ಟಿದ್ದು, ಪ್ಯೂರಿಫೈ ಕೂಡ ಡೆನ್ಮಾರ್ಕಿನದೇ. ಬ್ರೂನೋ ಪುಟ್ಸೀಸ್ ಅನ್ನುವ ಒಬ್ಬ ಎಂಜಿನಿಯರ್ ಮೊದಲು ಹೈಪೆಕ್ಸಿನ ಎನ್‌ಕೋರ್, ಆಮೇಲೆ ಪ್ಯೂರಿಫೈ ಎರಡರ ಹಿಂದೆಯೂ ಇದ್ದಾರೆ. ಇವರ ಜಾಣತನ ಏನು ಅಂದರೆ ಫೀಡ್‌ಬ್ಯಾಕನ್ನು, ಅಂದರೆ ತಪ್ಪು ತಿದ್ದಿಕೊಳ್ಳಲು ಹೊರಗಿನಿಂದ ವಾಪಸ್ ತರುವ ಸಿಗ್ನಲನ್ನು, ಕಾಯಿಲ್ ಫಿಲ್ಟರ್ ಆದ ಮೇಲಿಂದ ತೆಗೆದುಕೊಳ್ಳುತ್ತಾರೆ. ಅಗ್ಗದ ಬೋರ್ಡಿನಲ್ಲಿ ಫೀಡ್‌ಬ್ಯಾಕ್ ಫಿಲ್ಟರಿಗಿಂತ ಮೊದಲೇ ನಿಂತುಬಿಡುತ್ತದೆ, ಹಾಗಾಗಿ 4 ಓಮಿಗೆ ಮಾಡಿದ ಫಿಲ್ಟರಿಗೆ 8 ಓಮ್ ಹಾಕಿದರೆ ಅತಿ ಮೇಲಿನ ಸ್ವರ ಸ್ವಲ್ಪ ಉಬ್ಬುತ್ತದೆ. ಮನೆಯಲ್ಲಿ ಕೂತು ವೀಣೆ ಕೇಳುವವರಿಗೆ ಇದು ದೊಡ್ಡ ವಿಷಯ. ಶಾಮಿಯಾನದ ಕೆಳಗೆ, ಡಗ್ಗಾ ತಾಳದ ನಡುವೆ, ಪಕ್ಕದಲ್ಲಿ ಒಲೆ ಮೇಲೆ ಹುಗ್ಗಿ ಕುದಿಯುವಾಗ ಯಾರಿಗೂ ಗೊತ್ತಾಗುವುದಿಲ್ಲ. ದುಡ್ಡು ಇದ್ದರೆ ಹೈಪೆಕ್ಸಿನ ಫ್ಯೂಷನ್ ಪ್ಲೇಟ್ ನೋಡಬಹುದು, ಆಂಪ್, ಡಿಎಸ್‌ಪಿ (ಶಬ್ದವನ್ನು ಬೇಸು, ಹಾರ್ನು ಅಂತ ಬೇರ್ಪಡಿಸಿ ಹದ ಮಾಡುವ ಡಿಜಿಟಲ್ ಚಿಪ್), ಸಪ್ಲೈ ಮೂರೂ ಒಂದೇ ತಟ್ಟೆಯಲ್ಲಿ ಬರುತ್ತವೆ, ನಿಮ್ಮ ಅರ್ಧ ಕೆಲಸ ಮುಗಿಯಿತು. ಆದರೆ ಕೆಟ್ಟರೆ ಆಳಂದದಲ್ಲಿ ರಿಪೇರಿ ಮಾಡುವವರು ಯಾರು? ಜಾತ್ರೆ ಹಿಂದಿನ ದಿನ ಕೆಟ್ಟರೆ? ಬಾಡಿಗೆಗೆ ಓಡುವ ಬಾಕ್ಸಿನಲ್ಲಿ ನಾನು ಮೊದಲು ನೋಡುವುದು ಇದನ್ನೇ. ಅಗ್ಗದ ಬೋರ್ಡ್ ಒಂದು ಹೆಚ್ಚಿಗೆ ತಂದು ಚೀಲದಲ್ಲಿ ಇಟ್ಟುಕೊಳ್ಳಬಹುದು, ನಾಲ್ಕು ಸ್ಕ್ರೂ ಬಿಚ್ಚಿ ಬದಲಾಯಿಸಬಹುದು.

ಹಾಗಾಗಿ ನನ್ನ ಮಾತು: ಟಿಪಿಎ3255, ಎರಡು ಚಾನೆಲ್, ಬ್ರಿಡ್ಜ್ ಮಾದರಿ, 48 ವೋಲ್ಟ್. ಬಾಕ್ಸಿಗೆ ಒಂದು, ಚೀಲಕ್ಕೆ ಒಂದು.

ಈ ಹೆಸರಿನಲ್ಲೂ ಹತ್ತು ತರದ ಬೋರ್ಡ್ ಇವೆ, ಕೊಳ್ಳುವ ಮುಂಚೆ ಫೋಟೋ ದೊಡ್ಡದು ಮಾಡಿ ನೋಡಿ. ಸಪ್ಲೈ ಕೆಪಾಸಿಟರ್ ಮೇಲೆ 63 ವೋಲ್ಟ್ ಇರಬೇಕು. 50 ವೋಲ್ಟಿನದು ಹಾಕಿ 48 ಕೊಡಿ ಅನ್ನುವವನ ಅಂಗಡಿ ಮೆಟ್ಟಿಲು ಹತ್ತಬೇಡಿ. 105 ಡಿಗ್ರಿ ಅಂತ ಬರೆದಿರಬೇಕು, 85 ಬೇಡ. ನಾಲ್ಕು ಕಾಯಿಲ್ ಇರುತ್ತವೆ, ಅವು ಗಟ್ಟಿಮುಟ್ಟಾಗಿ ಇರಬೇಕು, ಕಡಲೆಕಾಳಿನಷ್ಟು ಇದ್ದರೆ ಬೇಸಿನ ಹೊಡೆತಕ್ಕೆ ಸ್ಯಾಚುರೇಟ್ ಆಗಿ ಶಬ್ದ ಕೆಡುತ್ತದೆ, ಚಿಪ್ ಮತ್ತೆ ಮತ್ತೆ ಬಂದ್ ಆಗುತ್ತದೆ. ಹೀಟ್ ಸಿಂಕ್ ಚಿಪ್ಪಿನ ಮೇಲೆ ಸ್ಕ್ರೂನಿಂದ ಬಿಗಿದಿರಬೇಕು, ಬರೀ ಅಂಟಿಸಿದ್ದು ಬೇಡ, ನಮ್ಮ ರಸ್ತೆಯಲ್ಲಿ ಟಂಟಂನಲ್ಲಿ ಹೊತ್ತು ತಂದರೆ ಎರಡನೇ ತಿಂಗಳಿಗೆ ಕಳಚಿ ಬೀಳುತ್ತದೆ. ಸಪ್ಲೈ ಯಾವತ್ತೂ 53 ವೋಲ್ಟ್ ದಾಟಬಾರದು, ಚಿಪ್ಪಿನ ಮಿತಿಯೇ ಅಷ್ಟು. 48 ವೋಲ್ಟಿನ ಸಪ್ಲೈಗಳಲ್ಲಿ ಏರಿಸುವ ಇಳಿಸುವ ಸಣ್ಣ ತಿರುಪು ಇರುತ್ತದೆ. ಅದನ್ನು ಏರಿಸಿ "ಪವರ್ ಜಾಸ್ತಿ" ಮಾಡುವ ಆಸೆ ಬೇಡ. 48ರಲ್ಲೇ ಬಿಡಿ.

ಬೇಸು, ಹಾರ್ನು ಬೇರ್ಪಡಿಸಲು ಆಂಪಿಗೆ ಮುಂಚೆ ಒಂದು ಡಿಎಸ್‌ಪಿ ಬೇಕು, ಅದಕ್ಕೆ ಎಡಿಎಯು1701 ಬೋರ್ಡ್ ಸಾಕು. ಎರಡು ಒಳಗೆ, ನಾಲ್ಕು ಹೊರಗೆ. ಸಿಗ್ಮಾಸ್ಟುಡಿಯೋ ಸಾಫ್ಟ್‌ವೇರ್ ಬಿಟ್ಟಿ ಸಿಗುತ್ತದೆ, ಆದರೆ ಪ್ರೋಗ್ರಾಮರ್ ಬೇರೆ ಕೊಳ್ಳಬೇಕು. ಕ್ರಾಸ್‌ಓವರ್, ಅಂದರೆ ಬೇಸೂ ಹಾರ್ನೂ ಬೇರಾಗುವ ಗಡಿ, 2 ಕಿಲೋಹರ್ಟ್ಜ್ ಹತ್ತಿರ, ಫಿಲ್ಟರ್ ಲಿಂಕ್‌ವಿಟ್ಜ್-ರೈಲಿ ಮಾದರಿ, 24 ಡಿಬಿ. ಬಾಕ್ಸಿಗೆ ಪೋರ್ಟ್ (ಗಾಳಿ ಕಿಂಡಿ) ಇದ್ದರೆ ಅದರ ಟ್ಯೂನಿಂಗಿಗಿಂತ ಸ್ವಲ್ಪ ಕೆಳಗೆ ಹೈ ಪಾಸ್ (ಅದರ ಕೆಳಗಿನ ಸ್ವರ ತಡೆಯುವ ಫಿಲ್ಟರ್) ಇಡಲೇಬೇಕು, ಉದಾಹರಣೆಗೆ ಟ್ಯೂನಿಂಗ್ 55 ಹರ್ಟ್ಜ್ ಇದ್ದರೆ 50. ಅದರ ಕೆಳಗೆ ಕೋನಿಗೆ ಗಾಳಿಯ ಹಿಡಿತ ಇರುವುದಿಲ್ಲ, ಯಾರೋ ಮೈಕ್ ಬೀಳಿಸಿದರೆ ಸಾಕು, ಕೋನ್ ಹೊರಗೆ ಬಂದು ಕೂರುತ್ತದೆ. ಲಿಮಿಟರ್, ಅಂದರೆ ಶಬ್ದ ದಾಟಬಾರದ ಗೆರೆ, ಬೇಸಿಗೆ 30 ವೋಲ್ಟ್, ಹಾರ್ನಿಗೆ 15 ವೋಲ್ಟ್ ಇಡಿ. 40 ವ್ಯಾಟ್ ಅಂದರೆ 8 ಓಮಿಗೆ ಹತ್ತಿರಹತ್ತಿರ 18 ವೋಲ್ಟ್, ಆದರೆ ಹಾರ್ನಿನ ಮೇಲೆ ಬರೆದ ವ್ಯಾಟನ್ನು ನಾನು ಪೂರ್ತಿ ನಂಬುವುದಿಲ್ಲ.

ಇಲ್ಲೊಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ಆ ಡಿಎಸ್‌ಪಿ ಹೊರಗೆ ಕೊಡುವುದು ಹೆಚ್ಚೆಂದರೆ 0.9 ವೋಲ್ಟ್. ಟಿಪಿಎ3255 ಚಿಪ್ ಒಂದೇ ಆದರೆ 21.5 ಡಿಬಿ, ಅಂದರೆ ಸುಮಾರು 12 ಪಟ್ಟು ಏರಿಸುತ್ತದೆ. ಗುಣಿಸಿ ನೋಡಿ, 11 ವೋಲ್ಟ್ ಕೂಡ ಇಲ್ಲ, 8 ಓಮಿಗೆ 14 ವ್ಯಾಟ್! "130 ವ್ಯಾಟ್ ಅಂದಿರಿ, ಟೇಪ್ ರೆಕಾರ್ಡರ್ ಹಾಗೆ ಕೇಳುತ್ತದೆ" ಅಂತ ನನಗೆ ಬೈಯುತ್ತಾರೆ. ಪೂರ್ತಿ ಶಬ್ದಕ್ಕೆ ಒಟ್ಟು 33 ಪಟ್ಟು ಬೇಕು. ಹಾಗಾಗಿ ಮುಂದೆ ಎನ್‌ಇ5532 ತರದ ಆಪ್‌ಆಂಪ್ (ಸಿಗ್ನಲ್ ಏರಿಸುವ ಸಣ್ಣ ಚಿಪ್) ಇದ್ದು ಮೂರು ಪಟ್ಟು ಏರಿಸುವ ಬೋರ್ಡನ್ನೇ ಆರಿಸಿ, ಇಲ್ಲದಿದ್ದರೆ ಒಂದು ಹಂತ ನೀವೇ ಸೇರಿಸಿ.

ಹಾರ್ನಿಗೆ ಸರಣಿಯಲ್ಲಿ 33ರಿಂದ 40 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ ಹಾಕಿ. ಡಿಎಸ್‌ಪಿ ಇರುವಾಗ ಇದೇಕೆ ಅನ್ನಬೇಡಿ. ಆನ್ ಮಾಡಿದಾಗ ಡಬ್ ಅನ್ನುವ ಹೊಡೆತ, ಡಿಎಸ್‌ಪಿ ಪ್ರೋಗ್ರಾಂ ಮರೆತು ಬೇಸೆಲ್ಲ ಹಾರ್ನಿಗೆ ಹೋಗುವುದು, ಆಂಪಿನ ಒಂದು ಕಾಲು ಸುಟ್ಟು ನೇರ ಡಿಸಿ ಬರುವುದು, ಮೂರನ್ನೂ ಅದೊಂದೇ ತಡೆಯುತ್ತದೆ. ಅದರ ಕಟ್ 500-600 ಹರ್ಟ್ಜಿನಲ್ಲಿ ಬೀಳುತ್ತದೆ, 2000ದ ಕ್ರಾಸ್‌ಓವರಿಗೆ ಅಡ್ಡಿ ಇಲ್ಲ. ಇನ್ನು ನಿಮ್ಮ ಹಾರ್ನ್ ಬೇಸಿಗಿಂತ 11 ಡಿಬಿ ಗಟ್ಟಿ. ಆಂಪಿನ ಸಣ್ಣ ಸುಂಯ್ ಶಬ್ದವನ್ನೂ ಅದು ಎತ್ತಿ ತೋರಿಸುತ್ತದೆ. ಗುಡಿಯಲ್ಲಿ ಎಲ್ಲರೂ ಕಣ್ಣು ಮುಚ್ಚಿ ಕೂತಾಗ ಅದು ಕೇಳಬಾರದು ಅಂದರೆ ಡಿಎಸ್‌ಪಿಯಲ್ಲಿ ಕಡಿಮೆ ಮಾಡಿ ಪ್ರಯೋಜನ ಇಲ್ಲ, ಆಂಪಿನ ಸುಂಯ್ ಡಿಎಸ್‌ಪಿ ಆದ ಮೇಲೆ ಹುಟ್ಟುವುದು. ಹಾರ್ನಿನ ಹತ್ತಿರವೇ ರೆಸಿಸ್ಟರ್ ಜೋಡಿ ಹಾಕಿ 6 ಡಿಬಿ ಇಳಿಸಿ. ಸ್ವಲ್ಪ ಪವರ್ ಸುಡುತ್ತದೆ, ಸುಡಲಿ. ರೆಸಿಸ್ಟರ್ 20 ವ್ಯಾಟಿನದು ಇರಲಿ.

ಸಪ್ಲೈ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಹಾಡಿನಲ್ಲಿ, ಮಾತಿನಲ್ಲಿ ಸರಾಸರಿ ಪವರ್ ತುದಿಯ ಎಂಟನೇ ಒಂದು ಭಾಗದಷ್ಟೇ ಇರುತ್ತದೆ, ಹಾಗಾಗಿ ಲೆಕ್ಕಕ್ಕೆ 200 ವ್ಯಾಟಿನ ಸಪ್ಲೈ ಕೂಡ ಸಾಕು. ಆದರೆ ಡೋಲು ಬಿದ್ದ ಕ್ಷಣದಲ್ಲಿ 48 ವೋಲ್ಟಿನಲ್ಲಿ 8 ಓಮ್ ಸ್ಪೀಕರ್ 6 ಆಂಪಿಯರ್ ಎಳೆಯುತ್ತದೆ. ಆ ಹೊತ್ತಿಗೆ ಸಪ್ಲೈ ಕೈ ಎತ್ತಿದರೆ ಹಾಡು ತುಂಡು ತುಂಡಾಗುತ್ತದೆ. 300-350 ವ್ಯಾಟಿನದು ಹಾಕಿ ನಿಶ್ಚಿಂತರಾಗಿ. ಮೀನ್‌ವೆಲ್ ಕಂಪನಿಯ ಎಲ್‌ಆರ್‌ಎಸ್-350-48 ಎಲ್ಲರೂ ಬಳಸುವುದು, 7.3 ಆಂಪಿಯರ್. ಅದರಲ್ಲಿ 115/230 ಅಂತ ಸಣ್ಣ ಸ್ವಿಚ್ ಇದೆ, 230ಕ್ಕೆ ಇದೆಯಾ ಅಂತ ಮೂರು ಸಲ ನೋಡಿ, 115ರಲ್ಲಿ ಇಟ್ಟು ನಮ್ಮ ಕರೆಂಟಿಗೆ ಹಾಕಿದರೆ ಒಂದೇ ಢಮಾರ್. ಆದರೆ ಅದಕ್ಕೆ ಕನಿಷ್ಠ 180 ವೋಲ್ಟ್ ಬೇಕು. ಹಳ್ಳಿಯಲ್ಲಿ ರಾತ್ರಿ ಪಂಪ್‌ಸೆಟ್ ಎಲ್ಲ ಶುರುವಾದಾಗ ವೋಲ್ಟೇಜ್ ಎಷ್ಟಕ್ಕೆ ಇಳಿಯುತ್ತದೆ ಅಂತ ನಿಮಗೇ ಗೊತ್ತು. ಅದಕ್ಕೇ ನಾನು ಹಳ್ಳಿ ಕಡೆ ಹೋಗುವ ಬಾಕ್ಸಿಗೆ ಅದೇ ಕಂಪನಿಯ ಆರ್‌ಎಸ್‌ಪಿ-320-48 ಹಾಕುತ್ತೇನೆ. ಅದು 88 ವೋಲ್ಟಿನಿಂದ 264ರವರೆಗೆ ಯಾವ ಸ್ವಿಚ್ಚಿನ ಗೊಡವೆಯೂ ಇಲ್ಲದೆ ನಡೆಯುತ್ತದೆ, 6.7 ಆಂಪಿಯರ್ ಕೊಡುತ್ತದೆ, ಜನರೇಟರ್ ಏರಿಳಿದರೂ ತಲೆ ಕೆಡಿಸಿಕೊಳ್ಳುವುದಿಲ್ಲ. ರೇಟು ಜಾಸ್ತಿ, ಆದರೆ ಅರ್ಧ ರಾತ್ರಿ ಫೋನ್ ಬರುವುದಿಲ್ಲ. ನ್ಯೂಟ್ರಲ್ ಕಡಿದು 400 ವೋಲ್ಟ್ ಬಂದರೆ ಮಾತ್ರ ಯಾವುದೂ ಉಳಿಯುವುದಿಲ್ಲ, ಪ್ಲಗ್ಗಿನ ಹತ್ತಿರ ವೋಲ್ಟೇಜ್ ಕಟ್‌ಆಫ್ ಒಂದು ಇರಲಿ.

ಬಿಸಿಲಿನ ಪಾಠ ನಾನು ದುಡ್ಡು ಕೊಟ್ಟು ಕಲಿತದ್ದು. ನನ್ನ ಮೊದಲ ಬಾಕ್ಸಿನಲ್ಲಿ ಬೋರ್ಡನ್ನು ಒಳಗೆ ಪ್ಲೈವುಡ್ಡಿಗೇ ಸ್ಕ್ರೂ ಹೊಡೆದಿದ್ದೆ, "ಕ್ಲಾಸ್ ಡಿ ಬಿಸಿಯಾಗುವುದಿಲ್ಲ" ಅಂತ ಓದಿದ್ದನ್ನು ನಂಬಿ. ಮೇ ತಿಂಗಳು, ಸೇಡಂ ರಸ್ತೆಯ ಕಡೆ ಒಂದು ಮದುವೆ, ಮಧ್ಯಾಹ್ನ ಎರಡು ಗಂಟೆ, ಶಹಾಬಾದ ಕಲ್ಲಿನ ಅಂಗಳ. ಕಾಲು ಇಟ್ಟರೆ ಸುಡುವ ಕಲ್ಲು. ಅದರ ಮೇಲೆ ಕಪ್ಪು ಬಣ್ಣದ ಬಾಕ್ಸ್, ಬೆನ್ನು ಬಿಸಿಲಿಗೆ. ಅಕ್ಷತೆಯ ಹೊತ್ತಿಗೆ ಸರಿಯಾಗಿ ಮಂತ್ರ ನಿಂತಿತು. ಐದು ನಿಮಿಷ ಬಿಟ್ಟು ತಾನೇ ಶುರುವಾಯಿತು, ಮತ್ತೆ ನಿಂತಿತು. ಹುಡುಗಿಯ ಮಾವ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಚಿಪ್ ಬಿಸಿಯಾಗಿ ತನ್ನನ್ನು ತಾನು ಉಳಿಸಿಕೊಳ್ಳುತ್ತಿತ್ತು, ನನ್ನ ಮರ್ಯಾದೆ ಉಳಿಸುವುದು ಅದರ ಕೆಲಸ ಅಲ್ಲವಲ್ಲ.

ಲೆಕ್ಕ ಹೀಗಿದೆ. ಕ್ಲಾಸ್ ಡಿಯಲ್ಲಿ 90%ಗಿಂತ ಜಾಸ್ತಿ ಶಕ್ತಿ ಸ್ಪೀಕರಿಗೆ ಹೋಗುತ್ತದೆ ಅನ್ನುವುದು ಪೂರ್ತಿ ಪವರಿನಲ್ಲಿ. ಸಣ್ಣ ಶಬ್ದದಲ್ಲಿ ಅಷ್ಟು ಇರುವುದಿಲ್ಲ, ಸುಮ್ನೆ ಕೂತಾಗಲೂ ಕೆಲವು ವ್ಯಾಟ್ ಬಿಸಿಯಾಗುತ್ತಲೇ ಇರುತ್ತದೆ. ಸಪ್ಲೈಯ ಬಿಸಿ ಸೇರಿಸಿ ಬಾಕ್ಸಿನೊಳಗೆ 10-15 ವ್ಯಾಟ್ ಇಟ್ಟುಕೊಳ್ಳಿ. ಕೇಳಲು ಸಣ್ಣದು, ಆದರೆ ಮುಚ್ಚಿದ ಮರದ ಡಬ್ಬಿಯಲ್ಲಿ ಅದು ಹೋಗುವುದೆಲ್ಲಿಗೆ? ಹೊರಗೆ 43 ಇದ್ದ ದಿನ ಒಳಗೆ 65 ದಾಟುತ್ತದೆ. ಎಲೆಕ್ಟ್ರೋಲೈಟಿಕ್ ಕೆಪಾಸಿಟರಿನ ಆಯುಷ್ಯ ಪ್ರತಿ 10 ಡಿಗ್ರಿಗೆ ಅರ್ಧ ಆಗುತ್ತಾ ಹೋಗುತ್ತದೆ. ಹಾಗಾಗಿ ಹಿಂದಿನ ತಟ್ಟೆ 3 ಮಿಲಿಮೀಟರ್ ಅಲ್ಯುಮಿನಿಯಂ ಇರಲಿ, ರೆಕ್ಕೆ ಇರುವ ಹೀಟ್ ಸಿಂಕ್ ಹೊರಗಡೆ, ಚಿಪ್ಪಿನ ಬಿಸಿ ಅಲ್ಯುಮಿನಿಯಂ ತುಂಡಿನ ಮೂಲಕ ತಟ್ಟೆಗೆ ಹೋಗಲಿ. ಆಂಪಿಗೆ ಬೇರೆ ಗೂಡು ಮಾಡಿ, ಬೇಸಿನ ಗಾಳಿ ಅಲ್ಲಿಗೆ ಬರಬಾರದು, ಇಲ್ಲದಿದ್ದರೆ ಪ್ರತಿ ಸಂದಿನಿಂದ ಪುಸ್ ಪುಸ್ ಶಬ್ದ ಬರುತ್ತದೆ. ಫ್ಯಾನ್ ಇರುವ ಸಪ್ಲೈ ಹಾಕಿದರೆ ಗಾಳಿ ಬರುವ ಕಡೆ ಜಾಳಿಗೆ, ಸ್ಪಂಜು ಹಾಕಿ. ತೊಗರಿ ರಾಶಿ ಮಾಡುವ ದಿನಗಳಲ್ಲಿ ಅದನ್ನು ಬಿಚ್ಚಿ ಝಾಡಿಸುತ್ತಿರಿ. ಬಾಕ್ಸನ್ನು ಕಲ್ಲಿನ ಮೇಲೆ ಇಡಬೇಡಿ, ಸ್ಟ್ಯಾಂಡ್ ಮೇಲೆ ಏರಿಸಿ. ಕಪ್ಪು ಬಣ್ಣದ ಮೋಹ ಇದ್ದರೆ ಮುಂದೆ ಹಚ್ಚಿ, ಹಿಂದೆ ಬೇಡ.

ಬೋರ್ಡಿನ ಮೇಲಿನ ಕಾಯಿಲ್, ಕೆಪಾಸಿಟರ್ ಅಲುಗದಂತೆ ಅಂಟು ಹಾಕಬೇಕು. ಹಾಟ್ ಗ್ಲೂ ನಮ್ಮ ಬೇಸಿಗೆಗೆ ಕರಗುತ್ತದೆ. ಸಿಲಿಕಾನ್ ಹಾಕಿ, ಆದರೆ ವಿನೆಗರ್ ವಾಸನೆ ಬರುವುದು ಬೇಡ, ಅದು ತಾಮ್ರ ತಿನ್ನುತ್ತದೆ. ನ್ಯೂಟ್ರಲ್ ಅಂತ ಬರೆದದ್ದು ಕೇಳಿ.

ಇನ್ನೊಂದು ತಪ್ಪು, ಇದೂ ನನ್ನದೇ. ಬ್ರಿಡ್ಜ್ ಬೋರ್ಡಿನಲ್ಲಿ ಸ್ಪೀಕರಿನ ಎರಡೂ ತಂತಿಗಳಲ್ಲಿ ಜೀವ ಇರುತ್ತದೆ. ಮೈನಸ್ ಅಂತ ಬರೆದಿದ್ದರೂ ಅದು ಗ್ರೌಂಡ್ ಅಲ್ಲ. ನಾನು ಹೆಚ್ಚುವರಿ ಸ್ಪೀಕರಿಗೆ ಅಂತ ಲೋಹದ ತಟ್ಟೆಗೆ ಲೋಹದ ಜಾಕ್ ಹಾಕಿದೆ, ಅದರ ಹೊರ ಮೈ ತಟ್ಟೆಗೆ ತಾಗಿತು, ತಟ್ಟೆ ಅರ್ಥಿಂಗಿಗೆ. ಆನ್ ಮಾಡಿದೆ, ಹೊಗೆ ಬಂತು. ಪ್ಲಾಸ್ಟಿಕ್ ಮೈಯ ಸ್ಪೀಕಾನ್ ಜಾಕ್ ಬಿಟ್ಟು ಬೇರೆ ಏನೂ ಹಾಕಬೇಡಿ. ಎರಡು ಚಾನೆಲ್ಲಿನ ಮೈನಸ್ ಒಂದೇ ತಂತಿಗೆ ಸೇರಿಸುವುದೂ ಬೇಡ. ಒಳಗೆ ಬರುವ ಮೈಕ್ ಲೈನ್ ಮಾತ್ರ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಮೈಕ್ ಜಾಕ್) ಬ್ಯಾಲೆನ್ಸ್ಡ್ ಇರಲಿ, ಅದರ 1ನೇ ಪಿನ್ನನ್ನು ನೇರ ತಟ್ಟೆಗೆ ಕಟ್ಟಿ, ಬೋರ್ಡಿನ ಒಳಗೆ ಎಳೆಯಬೇಡಿ. ಹಮ್ಮಿಂಗಿನಲ್ಲಿ ಅರ್ಧ ಅಲ್ಲೇ ಸಾಯುತ್ತದೆ. ಪಕ್ಕದಲ್ಲಿ ಮೀಡಿಯಂ ವೇವ್ ರೇಡಿಯೋ ಇಟ್ಟರೆ ಘುರ್ ಅನ್ನುತ್ತದೆ, ಅದು ಕ್ಲಾಸ್ ಡಿ ಸ್ವಭಾವ. ವೈರ್‌ಲೆಸ್ ಮೈಕಿನ ರಿಸೀವರನ್ನು ಬಾಕ್ಸಿನ ತಲೆ ಮೇಲೆ ಇಡಬೇಡಿ.

ಬ್ಯಾಟರಿ ಕಥೆ. 12 ವೋಲ್ಟಿನ ಎರಡು ಸೇರಿಸಿ 24 ಮಾಡಿದರೆ ಇದೇ ಟಿಪಿಎ3255 ನಡೆಯುತ್ತದೆ, ಚಿಪ್ಪಿಗೆ 18 ವೋಲ್ಟ್ ಮೇಲೆ ಇದ್ದರೆ ಸಾಕು. ಬೋರ್ಡಿನ ಮೇಲಿರುವ 12 ವೋಲ್ಟ್ ರೆಗ್ಯುಲೇಟರ್ 24ರಲ್ಲೂ ಕೆಲಸ ಮಾಡುತ್ತದಾ ಅಂತ ಮಾರುವವರನ್ನು ಮುಂಚೆಯೇ ಕೇಳಿ. ಆಗ ಸಿಗುವುದು 30 ವ್ಯಾಟ್, ಅಂದರೆ ಒಂದು ಮೀಟರಿಗೆ 112 ಡಿಬಿ, ಕರೆಂಟ್ ಹೋದಾಗ ಭಜನೆ ನಿಲ್ಲದೆ ಸಾಗುತ್ತದೆ. 7 ಆಂಪಿಯರ್-ಅವರಿನ ಎರಡು ಸಣ್ಣ ಬ್ಯಾಟರಿಯಲ್ಲಿ ನಾಲ್ಕು ಗಂಟೆ ತೆಗೆಯಬಹುದು. ಬ್ಯಾಟರಿಗೆ ಅಂತ ಟಿಪಿಎ3116 ಹಾಕುವವರು ಒಂದು ಮರೆಯುತ್ತಾರೆ: ಎರಡು ಬ್ಯಾಟರಿ ಚಾರ್ಜ್ ಆಗುವಾಗ 28 ವೋಲ್ಟ್ ದಾಟುತ್ತವೆ, ಆ ಚಿಪ್ಪಿಗೆ 26ರ ಗೆರೆ. ಚಾರ್ಜರ್ ಹಾಕಿಕೊಂಡೇ ಹಾಡು ಹಚ್ಚಿದರೆ ಚಿಪ್ಪಿಗೆ ಅಪಾಯ. ಕರೆಂಟಿಗೂ ಬ್ಯಾಟರಿಗೂ ನಡುವೆ ಚೇಂಜ್‌ಓವರ್ ಸ್ವಿಚ್ ಇರಲಿ, ಎರಡೂ ಒಟ್ಟಿಗೆ ಸೇರಬಾರದು, 48 ವೋಲ್ಟ್ ನೇರ ಬ್ಯಾಟರಿಗೆ ನುಗ್ಗಿದರೆ ಅದು ಬೇರೆಯದೇ ಹಬ್ಬ.

ಎಲ್ಲ ಜೋಡಿಸಿದ ಮೇಲೆ ನೇರ ಸ್ವಿಚ್ ಒತ್ತಬೇಡಿ. ಮೊದಲು ಮಲ್ಟಿಮೀಟರಿನಲ್ಲಿ ಸ್ಪೀಕರ್ ಅಳೆಯಿರಿ, 8 ಓಮಿನದು ಐದೂವರೆಯಿಂದ ಆರೂವರೆ ತೋರಿಸಬೇಕು. ಮೂರೂವರೆ ತೋರಿಸಿದರೆ ಅದು 4 ಓಮ್, ಯಾರೋ ಸ್ಟಿಕ್ಕರ್ ಬದಲಾಯಿಸಿದ್ದಾರೆ, ಮೇಲಿನ ಲೆಕ್ಕವೆಲ್ಲ ಮತ್ತೆ ಹಾಕಬೇಕು. ಸಪ್ಲೈ ಒಂದನ್ನೇ ಆನ್ ಮಾಡಿ 48 ಬರುತ್ತದಾ ನೋಡಿ. ಆಮೇಲೆ ಲಾರಿಗೆ ಹಾಕುವ 24 ವೋಲ್ಟ್ 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಎರಡನ್ನು ಒಂದಕ್ಕೊಂದು ಸರಣಿಯಲ್ಲಿ ಕಟ್ಟಿ ಸಪ್ಲೈ ಮತ್ತು ಬೋರ್ಡಿನ ನಡುವೆ ಹಾಕಿ, ಸ್ಪೀಕರ್ ಜಾಗದಲ್ಲಿ ಗುಜರಿಯ ಹಳೆಯ ಸ್ಪೀಕರ್ ಇರಲಿ. ಎಲ್ಲೋ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಬೋರ್ಡ್ ಬದುಕುತ್ತದೆ. ಬಲ್ಬ್ ಆರಿದ ಹಾಗೇ ಇದ್ದು ಸಣ್ಣಗೆ ಹಾಡು ಬಂತು ಅಂದರೆ ಬಲ್ಬ್ ಬಿಚ್ಚಿ ಒಳ್ಳೆಯ ಸ್ಪೀಕರ್ ಹಾಕಿ. ಬಾಕ್ಸ್ ಮುಚ್ಚಿ, ಮಧ್ಯಾಹ್ನ ಮಾಳಿಗೆ ಮೇಲೆ ಬಿಸಿಲಿಗೆ ಇಟ್ಟು ಎರಡು ಗಂಟೆ ಗಟ್ಟಿಯಾಗಿ ಓಡಿಸಿ. ಅಕ್ಕಪಕ್ಕದವರಿಗೆ ಮುಂಚೆ ಹೇಳಿ ಇಟ್ಟಿರಿ.